ಬಾಗಿಲು ಬಿಡದ ಹೆಂಗಸರು

ಯುವಜನರ ಕೂಟ, ವಾಕ್ಯ ಅಧ್ಯಯನ
ಓದುವ ಭಾಗ: 2 ಸಮುವೇಲ 20:14-22



ಕಳೆದ ವಾರ ಯುದ್ಧ ನಡೆಯುತ್ತಿರುವ ದೇಶಗಳಿಗಾಗಿ ಪ್ರಾರ್ಥನೆ ಮಾಡಿದೆವು. ಕೂಟ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ: "ಪಾಸ್ಟರ್, ಜನರನ್ನು ಕೊಂದವರ ಜೊತೆ ಏಸಿ ಹೋಟೆಲಲ್ಲಿ ಕೂತು ಮಾತುಕತೆ ಮಾಡ್ತಾರಲ್ಲ, ಅದು ಸರೀನಾ? ಅವರಿಗೆ ಶಿಕ್ಷೆ ಆಗಬೇಕಲ್ವಾ?" ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಈ ವಾರ ಅದೇ ಪ್ರಶ್ನೆ ಇಟ್ಟುಕೊಂಡು ವಾಕ್ಯ ತೆರೆದೆ.

ಇವತ್ತಿನ ಭಾಗದಲ್ಲಿ ಶೆಬ ಎಂಬುವನು ದಾವೀದನಿಗೆ ತಿರುಗಿಬಿದ್ದು ಆಬೇಲ್ ಎಂಬ ಊರೊಳಗೆ ಸೇರಿಕೊಂಡಿದ್ದಾನೆ. ಯೋವಾಬನ ಸೈನ್ಯ ಊರನ್ನು ಮುತ್ತಿಗೆ ಹಾಕಿ ಗೋಡೆ ಕೆಡವುತ್ತಿದೆ. ತಪ್ಪು ಮಾಡಿದವನು ಒಬ್ಬ, ಸಾಯಬೇಕಾದದ್ದು ಇಡೀ ಊರು. ಆಗ ಒಬ್ಬ ಹೆಂಗಸು ಗೋಡೆಯ ಮೇಲಿಂದ ಯೋವಾಬನನ್ನು ಕೂಗಿ ಕರೆಯುತ್ತಾಳೆ. ಅವಳ ಹೆಸರೂ ಬೈಬಲಲ್ಲಿ ಇಲ್ಲ. ಅವಳು ಎರಡು ಕೆಲಸ ಮಾಡಿದಳು. ಮೊದಲು, ನಿನಗೆ ನಿಜವಾಗಿ ಬೇಕಾದದ್ದು ಏನು ಅಂತ ಶತ್ರುವನ್ನೇ ಕೇಳಿದಳು. ಆಮೇಲೆ ತನ್ನ ಜನರ ಹತ್ತಿರ ಹೋಗಿ ಅವರನ್ನು ಒಪ್ಪಿಸಿದಳು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ! ಕೊನೆಗೆ ತುತ್ತೂರಿ ಊದಿತು, ಸೈನ್ಯ ಹೊರಟುಹೋಯಿತು.

ಇಂಥದ್ದೇ ಒಂದು ಘಟನೆ ನಮ್ಮ ಕಾಲದಲ್ಲೂ ನಡೆದಿದೆ. ಪಶ್ಚಿಮ ಆಫ್ರಿಕಾದಲ್ಲಿ ಲೈಬೀರಿಯಾ ಅಂತ ಒಂದು ಚಿಕ್ಕ ದೇಶ. 1989ರಿಂದ 2003ರವರೆಗೆ ಅಲ್ಲಿ ಎರಡು ಅಂತರ್ಯುದ್ಧಗಳು ನಡೆದವು. ಸುಮಾರು 2.5 ಲಕ್ಷ ಜನ ಸತ್ತರು ಎಂದು ಅಂದಾಜು. ಚಿಕ್ಕ ಹುಡುಗರ ಕೈಗೂ ಬಂದೂಕು ಕೊಟ್ಟರು. 1990ರಲ್ಲಿ ರಾಜಧಾನಿ ಮನ್ರೋವಿಯಾದ ಸಂತ ಪೇತ್ರನ ಲೂಥರನ್ ಚರ್ಚಿನೊಳಗೆ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಸೈನಿಕರು ಕೊಂದರು. ದೇವರ ಆಲಯದೊಳಗೇ, ಪ್ರಿಯರೇ.

ಅದೇ ಚರ್ಚಿನಲ್ಲಿ ಹೆಂಗಸರ ಪ್ರಾರ್ಥನೆ ಶುರುವಾಯಿತು. ಅವರ ಮುಂದಾಳು ಲೇಮಾ ಗ್ಬೋವಿ ಎಂಬ ತಾಯಿ. ಮುಸ್ಲಿಂ ಹೆಂಗಸರೂ ಜೊತೆ ಸೇರಿದರು. 2003ರಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಮೀನು ಮಾರ್ಕೆಟ್ ಹತ್ತಿರದ ಬಯಲಲ್ಲಿ ಕೂತರು. ಬಿಸಿಲಿಗೂ ಏಳಲಿಲ್ಲ, ಮಳೆಗೂ ಏಳಲಿಲ್ಲ. ಅಧ್ಯಕ್ಷ ಚಾರ್ಲ್ಸ್ ಟೇಲರ್ ಕಡೆಗೂ ಅವರನ್ನು ಕರೆಸಿದ. ಶಾಂತಿ ಮಾತುಕತೆಗೆ ಒಪ್ಪಿದ.

ಜೂನ್ 4ರಂದು ಘಾನಾ ದೇಶದಲ್ಲಿ ಮಾತುಕತೆ ಆರಂಭವಾಯಿತು. ನೈಜೀರಿಯಾದ ಮಾಜಿ ಮುಖ್ಯಸ್ಥ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಮಧ್ಯಸ್ಥರು. ಆದರೆ ವಾರಗಟ್ಟಲೆ ಏನೂ ಆಗಲಿಲ್ಲ. ಹೋಟೆಲಲ್ಲಿ ಊಟ, ಯಾವ ಗುಂಪಿಗೆ ಯಾವ ಖಾತೆ ಅಂತ ಜಗಳ. ಅತ್ತ ಮನ್ರೋವಿಯಾದ ಮೇಲೆ ಶೆಲ್ ಬೀಳುತ್ತಿದ್ದವು.

ಜುಲೈನಲ್ಲಿ ಒಂದು ದಿನ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕೈಕೈ ಹಿಡಿದು ಕೂತುಬಿಟ್ಟರು. ಒಪ್ಪಂದ ಆಗುವ ತನಕ ಒಳಗಿರುವವರು ಹೊರಗೆ ಬರುವ ಹಾಗಿಲ್ಲ! ಭದ್ರತೆಯವರು ಬಂಧಿಸಲು ಬಂದಾಗ ಲೇಮಾ ತಮ್ಮ ಮೈಮೇಲಿನ ಬಟ್ಟೆ ಬಿಚ್ಚಲು ಹೊರಟರು. ತಾಯಿಯೊಬ್ಬಳು ಹಾಗೆ ಮಾಡಿದರೆ ಅದು ದೊಡ್ಡ ಶಾಪ ಅಂತ ಅಲ್ಲಿಯ ಜನ ಹೆದರುತ್ತಾರೆ. ಭದ್ರತೆಯವರು ಹಿಂದೆ ಸರಿದರು. ಮಧ್ಯಸ್ಥರು ಹೆಂಗಸರ ಮಾತಿಗೆ ಕಿವಿಗೊಟ್ಟರು. ಅಲ್ಲಿಂದ ಮಾತುಕತೆಯ ಧಾಟಿ ಬದಲಾಯಿತು. ಆಗಸ್ಟ್ 11ರಂದು ಟೇಲರ್ ದೇಶ ಬಿಟ್ಟ. 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಸಹಿ ಬಿದ್ದ ಮೇಲೂ ಕೆಲಸ ಉಳಿದಿತ್ತು. ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಬಂದೂಕು ಹಿಂದಕ್ಕೆ ಪಡೆಯಲು, ಚುನಾವಣೆ ನಡೆಸಲು ವರ್ಷಗಳೇ ಹಿಡಿದವು. 2007ರಲ್ಲಿ ನಮ್ಮ ಭಾರತದಿಂದಲೇ ಹೆಣ್ಣುಮಕ್ಕಳ ಪೊಲೀಸ್ ತುಕಡಿ ಅಲ್ಲಿಗೆ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಬರೀ ಮಹಿಳೆಯರೇ ಇದ್ದ ಮೊದಲ ಪೊಲೀಸ್ ತುಕಡಿ ಅದು. ವಿಶ್ವಸಂಸ್ಥೆಯ ಪಡೆ ಕೆಲಸ ಮುಗಿಸಿದ್ದು 2018ರಲ್ಲಿ.

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. ನ್ಯಾಯ ಏನಾಯಿತು? ಸತ್ಯ ಹೇಳಬೇಕು. ಆ ಒಪ್ಪಂದದಲ್ಲಿ ಬಂದೂಕು ಹಿಡಿದ ಗುಂಪುಗಳಿಗೇ ಮಂತ್ರಿ ಪದವಿ ಸಿಕ್ಕವು. ಟೇಲರ್‌ಗೆ 2012ರಲ್ಲಿ 50 ವರ್ಷ ಶಿಕ್ಷೆ ಆಯಿತು, ಆದರೆ ಅದು ಪಕ್ಕದ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗಾಗಿ. ಲೈಬೀರಿಯಾದಲ್ಲಿ ಮಕ್ಕಳನ್ನು ಕಳಕೊಂಡ ಎಷ್ಟೋ ತಾಯಂದಿರಿಗೆ ನ್ಯಾಯ ಸಿಗಲಿಲ್ಲ. ಆಬೇಲಿನಲ್ಲೂ ಹಾಗೇ, ಊರು ಉಳಿಯಲು ಒಂದು ತಲೆ ಉರುಳಿತು. ಅದನ್ನು ಓದುವಾಗ ನನಗೂ ಸಂಕಟವಾಗುತ್ತದೆ. ಮನುಷ್ಯರು ಮಾಡುವ ಸಂಧಾನ ದೇವರ ರಾಜ್ಯ ಅಲ್ಲ.

ಹಾಗಾದರೆ ಮಾತುಕತೆ ತಪ್ಪಾ? ಗೋಡೆಯೊಳಗೆ ಇದ್ದವರನ್ನು ಕೇಳಿ. ಕೊಂದವನು ಒಳ್ಳೆಯವನು ಅಂತ ಯಾರೂ ಮಾತುಕತೆಗೆ ಕೂರುವುದಿಲ್ಲ. ಇವತ್ತು ರಾತ್ರಿ ಇನ್ನೊಂದು ಮಗು ಸಾಯಬಾರದು ಅಂತ ಕೂರುತ್ತಾರೆ. ನ್ಯಾಯಕ್ಕಾಗಿ ಕೂಗುವುದಕ್ಕೂ ಜನ ಬದುಕಿ ಉಳಿಯಬೇಕಲ್ಲ? ಮತ್ತಾಯ 5:9ರಲ್ಲಿ ಯೇಸು ಧನ್ಯರೆಂದು ಕರೆದದ್ದು ಶಾಂತಿಯನ್ನು ಬರೀ ಆಸೆಪಡುವವರನ್ನಲ್ಲ, ಅದನ್ನು ಮಾಡುವವರನ್ನು. ಲೇಮಾ ಪ್ರಾರ್ಥನೆ ಬಿಟ್ಟು ಬಾಗಿಲಿಗೆ ಹೋಗಲಿಲ್ಲ. ಪ್ರಾರ್ಥನೆಯೇ ಅವರನ್ನು ಬಾಗಿಲಿಗೆ ಕರಕೊಂಡು ಹೋಯಿತು.

ನಾವು ಯುದ್ಧದ ಸುದ್ದಿ ಬಂದ ಕೂಡಲೇ ಸ್ಟೇಟಸ್ ಹಾಕುತ್ತೇವೆ, ಯಾವ ಪಕ್ಷ ಸರಿ ಅಂತ ವಾದ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಈ ವಾರ ಒಂದು ದೇಶ ಆರಿಸಿಕೊಳ್ಳಿ. ಮೂರು ವಿಷಯ ತಿಳಿದುಕೊಂಡು ಪ್ರಾರ್ಥಿಸಿ: ಅಲ್ಲಿ ಮಧ್ಯಸ್ಥಿಕೆ ಮಾಡುತ್ತಿರುವವರು ಯಾರು? ಜನರಿಗೆ ಅನ್ನ, ಔಷಧಿ ಹೋಗುವ ದಾರಿ ತೆರೆದಿದೆಯಾ? ಮಾತುಕತೆಯ ಮೇಜಿನಲ್ಲಿ ಯಾರಿಗೆ ಜಾಗ ಸಿಕ್ಕಿಲ್ಲ? ಮುಂದಿನ ಕೂಟಕ್ಕೆ ಬರೆದುಕೊಂಡು ಬನ್ನಿ. ಆ ಹೆಸರುಗಳನ್ನು ಹಿಡಿದೇ ಪ್ರಾರ್ಥಿಸೋಣ.

ಕರ್ತನೇ, ಗೋಡೆಯ ಮೇಲೆ ನಿಂತು ಕೂಗುವವರಿಗೆ ಧೈರ್ಯ ಕೊಡು, ಬಾಗಿಲಲ್ಲಿ ಕೂತವರಿಗೆ ಬಲ ಕೊಡು. ಒಳಗಿರುವ ಮಕ್ಕಳನ್ನು ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.