ವಾರಂಟಿ ಇದೆ, ಕಾರಂಜಿ ಇಲ್ಲ

ಅಂಗಳದ ಕೊಳಗಳ ಪಂಪಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಓದುಗರು ಬೈದಿರುವ ಕಂಪನಿ, ಅಂಗಡಿಗಳ ಹೆಸರನ್ನು ಕೈಬಿಟ್ಟಿದ್ದೇನೆ.

*ಮನೆ ಮುಂದೆ ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳದ ಕೊಳ ಕಟ್ಟಿಸಿದ್ದೇವೆ. ತಾವರೆ ಇದೆ, ಹತ್ತು ಗೋಲ್ಡ್‌ಫಿಶ್ ಇವೆ. ಬೋರ್‌ವೆಲ್ ನೀರು. ಮೊದಲ ಪಂಪು ಎಂಟು ತಿಂಗಳಿಗೆ ನಿಂತಿತು. ವಾರಂಟಿಯಲ್ಲಿ ಬದಲಿ ಕೊಟ್ಟರು. ಅದೂ ಈಗ 'ಗುಂಯ್' ಎನ್ನುತ್ತದೆಯೇ ಹೊರತು ನೀರು ಎತ್ತುವುದಿಲ್ಲ. ಮೂರನೆಯದನ್ನೂ ಅದೇ ಕಂಪನಿಯದು ತರಬೇಕೆ?*
— ಓದುಗರು, ಬೆಂಗಳೂರು

ಗುಂಯ್ ಎನ್ನುತ್ತಿದೆ ಎಂದರೆ ಪಂಪಿನ ಜೀವ ಹೋಗಿಲ್ಲ. ಕಾಯಿಲಿಗೆ ಕರೆಂಟು ಬರುತ್ತಿದೆ, ತಿರುಗಬೇಕಾದದ್ದು ತಿರುಗುತ್ತಿಲ್ಲ, ಅಷ್ಟೇ. ಮೂರನೆಯದನ್ನು ತರುವ ಮೊದಲು ಎರಡನೆಯದನ್ನು ಬಿಚ್ಚಿ ನೋಡೋಣ.

ಈ ಚಿಕ್ಕ ಪಂಪುಗಳಲ್ಲಿ ಬಾವಿಯ ಮೋಟಾರಿನಂತೆ ಸೀಲು, ಬೇರಿಂಗುಗಳ ಸಂಸಾರ ಇರುವುದಿಲ್ಲ. ತಾಮ್ರದ ಕಾಯಿಲನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿ ಶಾಶ್ವತವಾಗಿ ಮುಚ್ಚಿರುತ್ತಾರೆ. ಅದರ ಪಕ್ಕದ ಕುಳಿಯಲ್ಲಿ ಅಯಸ್ಕಾಂತದ ರೋಟರ್, ರೋಟರಿನ ತುದಿಗೆ ಇಂಪೆಲ್ಲರ್, ಎರಡರ ನಡುವೆ ಹಾದುಹೋಗುವ ತೆಳ್ಳನೆಯ ಸೆರಾಮಿಕ್ ಕಡ್ಡಿ. ರೋಟರ್ ತಿರುಗುವುದು ಕೊಳದ ನೀರಿನಲ್ಲೇ. ಅದಕ್ಕೆ ಬೇರೆ ಎಣ್ಣೆಯಿಲ್ಲ, ಬೇರೆ ತಂಪಿಲ್ಲ. ರೋಟರಿಗೂ ಕುಳಿಯ ಗೋಡೆಗೂ ಇರುವ ಸಂದು ತೀರಾ ಕಿರಿದು. ಗೀಸರಿನ ಕಾಯಿಲಿನ ಮೇಲೆ ಬಿಳಿ ಸುಣ್ಣ ಕೂರುತ್ತದಲ್ಲ, ನಿಮ್ಮ ಬೋರ್‌ವೆಲ್ ನೀರಿನ ಸುಣ್ಣ ಅದೇ ರೀತಿ ಈ ಬೆಚ್ಚನೆಯ ಸಂದಿನಲ್ಲಿ ಪದರ ಕಟ್ಟುತ್ತದೆ. ಒಂದು ದಿನ ಕರೆಂಟು ಹೋಗಿ ಬಂದಾಗ ರೋಟರಿಗೆ ಮತ್ತೆ ಹೊರಡುವ ಶಕ್ತಿ ಇರುವುದಿಲ್ಲ.

ಪ್ಲಗ್ ಕಿತ್ತು ಪಂಪನ್ನು ಹೊರಗೆ ತೆಗೆಯಿರಿ. ಮುಂದಿನ ಜಾಲರಿ, ಅದರ ಹಿಂದಿನ ಇಂಪೆಲ್ಲರ್ ಮುಚ್ಚಳ ಎರಡೂ ಸಾಮಾನ್ಯವಾಗಿ ಕೈಯಲ್ಲೇ ಬಿಚ್ಚಿಕೊಳ್ಳುತ್ತವೆ. ರೋಟರನ್ನು ನೇರವಾಗಿ ಹೊರಕ್ಕೆ ಎಳೆಯಿರಿ. ಅಯಸ್ಕಾಂತ ಒಳಕ್ಕೆ ಸೆಳೆಯುತ್ತದೆ, ಹೆದರಬೇಡಿ. ಆದರೆ ಓರೆಯಾಗಿ ಎಳೆದಿರೋ, ಸೆರಾಮಿಕ್ ಕಡ್ಡಿ ಲಟಕ್ಕೆಂದು ಮುರಿಯುತ್ತದೆ. ರೋಟರ್ ಮೇಲೆ ಒರಟು ಬಿಳಿ ಪದರ ಕಂಡರೆ ಕಾರಣ ಸಿಕ್ಕಿತು. ವಿನೆಗರ್‌ನಲ್ಲೋ ಸಿಟ್ರಿಕ್ ಆಸಿಡ್ ಪುಡಿ ಕಲಸಿದ ನೀರಿನಲ್ಲೋ ಕೆಲವು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕುಳಿಯೊಳಕ್ಕೂ ಅದೇ ದ್ರಾವಣ ಸುರಿದು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಬಚ್ಚಲು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಕೊನೆಗೆ ಒಳ್ಳೆ ನೀರಿನಲ್ಲಿ ಚೆನ್ನಾಗಿ ತೊಳೆದು ಜೋಡಿಸಿ. ಆ ಹುಳಿನೀರು ಮೀನಿನ ಕೊಳಕ್ಕೆ ಬೀಳದಿರಲಿ. ನಿಮ್ಮ ನೀರಿಗೆ ಎರಡು-ಮೂರು ತಿಂಗಳಿಗೊಮ್ಮೆ ಇದನ್ನು ಮಾಡಬೇಕಾದೀತು. ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಮತ್ತೆ ಮತ್ತೆ ಬೋರ್‌ವೆಲ್ ನೀರನ್ನೇ ತುಂಬಿಸಿದರೆ ಗಡಸು ಏರುತ್ತಲೇ ಹೋಗುತ್ತದೆ. ತಾರಸಿಯ ಮಳೆನೀರನ್ನು ಕೊಳಕ್ಕೆ ತಿರುಗಿಸಿಕೊಳ್ಳಲು ಸಾಧ್ಯವಾದರೆ ಪಂಪಿಗೂ ಒಳ್ಳೆಯದು, ತಾವರೆಗೂ ಒಳ್ಳೆಯದು.

ಇನ್ನು ಕಂಪನಿ ಬದಲಿಸುವ ಮಾತು. ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಿ: "ಇದರ ರೋಟರ್ ಬಿಡಿಯಾಗಿ ಸಿಗುತ್ತದೆಯೇ?" ಸವೆಯುವುದೂ ಮುರಿಯುವುದೂ ಅದೊಂದೇ ಭಾಗ. ಒಂದು ವರ್ಷದ ವಾರಂಟಿ ಇದ್ದು ರೋಟರ್ ಸಿಗುವ ಪಂಪನ್ನು, ಎರಡು ವರ್ಷದ ವಾರಂಟಿ ಇದ್ದು ಬಿಡಿಭಾಗವೇ ಇಲ್ಲದ ಪಂಪಿಗಿಂತ ನಾನು ಮೇಲಿಡುತ್ತೇನೆ. ಎರಡನೆಯದರಲ್ಲಿ ಪ್ರತಿ ಸಲವೂ ಇಡೀ ಪಂಪಿಗಾಗಿ ಜಗಳವಾಡಬೇಕು.

*ಡಬ್ಬಿಯ ಮೇಲೆ ಗಂಟೆಗೆ 2,000 ಲೀಟರ್, 2 ಮೀಟರ್ ಎತ್ತರ ಎಂದಿದೆ. ನಮ್ಮ ಪುಟ್ಟ ಜಲಪಾತ ಐದಡಿ ಎತ್ತರದ್ದು. ನಲ್ಲಿ ತೊಟ್ಟಿಕ್ಕಿದಂತೆ ನೀರು ಬರುತ್ತದೆ. ಇದು ಮೋಸವಲ್ಲವೆ? ವಾರಂಟಿ ಕೇಳಬಹುದೆ?*
— ಓದುಗರು, ಹಾಸನ

ಅರ್ಧ ಮೋಸ. ಆ ಎರಡು ಅಂಕಿಗಳೂ ನಿಜ, ಆದರೆ ಎರಡೂ ಒಟ್ಟಿಗೆ ನಿಜವಲ್ಲ. 2,000 ಲೀಟರ್ ಬರುವುದು ಎತ್ತರವೇ ಇಲ್ಲದಾಗ. 2 ಮೀಟರ್ ಎಂಬುದು ನೀರು ಏರಿ ನಿಂತುಬಿಡುವ ಎತ್ತರ, ಅಲ್ಲಿ ಹರಿವು ಸೊನ್ನೆ. ಐದಡಿ ಎಂದರೆ ಸುಮಾರು ಒಂದೂವರೆ ಮೀಟರ್. ಅಲ್ಲಿ ಬರೆದದ್ದರ ಸಣ್ಣದೊಂದು ಪಾಲು ಮಾತ್ರ ನಿಮಗೆ ಸಿಗುತ್ತದೆ. ಸಣ್ಣ ಪೈಪು, ಎರಡು ಎಲ್ಬೋ ಸೇರಿದರೆ ಅದೂ ಇಲ್ಲ. ಎತ್ತರವನ್ನು ಅಳೆಯಬೇಕಾದದ್ದು ಪಂಪಿನಿಂದಲ್ಲ, ಕೊಳದ ನೀರಿನ ಮಟ್ಟದಿಂದ.

ಒಂದು ಅಳತೆ ಮಾಡಿ. ಜಲಪಾತದ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. 72 ಸೆಕೆಂಡಾದರೆ ಗಂಟೆಗೆ 1,000 ಲೀಟರ್. ಎತ್ತರ-ಹರಿವಿನ ನಕ್ಷೆ ಕೈಪಿಡಿಯಲ್ಲಿದ್ದರೆ ಅದಕ್ಕೆ ಹೋಲಿಸಿ. ನಕ್ಷೆಗಿಂತ ತೀರಾ ಕಡಿಮೆ ಬಂದರೆ ದೂರು ಕೊಡಿ, ಅಳತೆಯೇ ಸಾಕ್ಷಿ. ನಕ್ಷೆಯೇ ಇಲ್ಲದ ಪಂಪನ್ನು ಜಲಪಾತಕ್ಕೆಂದು ಕೊಳ್ಳಬೇಡಿ. ಸದ್ಯಕ್ಕೆ ಅರ್ಧ ಇಂಚಿನ ಪೈಪಿದ್ದರೆ ಒಂದು ಇಂಚಿನದು ಹಾಕಿ ನೋಡಿ. ಖರ್ಚು ಕಡಿಮೆ.

*ಪಂಪು ಹಾಕಿದಾಗಲೆಲ್ಲ ಮನೆಯ ಆರ್‌ಸಿಸಿಬಿ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಪಂಪಿನ ಲೈನನ್ನು ಅದರಿಂದ ತಪ್ಪಿಸಿ ಕೊಟ್ಟಿದ್ದಾರೆ. ಈಗ ಪಂಪು ಓಡುತ್ತಿದೆ, ಆದರೆ ಕೊಳಕ್ಕೆ ಕೈ ಹಾಕಿದರೆ ಸಣ್ಣಗೆ ಜುಮ್ಮೆನ್ನುತ್ತದೆ.*
— ಓದುಗರು, ಹುಬ್ಬಳ್ಳಿ

ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಮೇನ್ ಆಫ್ ಮಾಡಿ. ಮಕ್ಕಳನ್ನು ಕೊಳದ ಹತ್ತಿರ ಬಿಡಬೇಡಿ. ಆರ್‌ಸಿಸಿಬಿ ಇರುವುದೇ ಇದಕ್ಕೆ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪಿಯರ್‌ನದು. ಅಷ್ಟು ಕರೆಂಟು ದಾರಿ ತಪ್ಪಿ ಸೋರುವಷ್ಟರಲ್ಲಿ ಅದು ಲೈನ್ ಕಡಿಯುತ್ತದೆ. ಅದು ಬೀಳುತ್ತಿದ್ದುದು ತೊಂದರೆಯಲ್ಲ, ಅದು ತೊಂದರೆಯ ಸುದ್ದಿ ಹೇಳುತ್ತಿತ್ತು. ಎಲೆಕ್ಟ್ರಿಷಿಯನ್ ಸುದ್ದಿ ತಂದವನ ಬಾಯಿ ಮುಚ್ಚಿಸಿದ್ದಾರೆ. ಲೈನನ್ನು ಮೊದಲಿನಂತೆ ಆರ್‌ಸಿಸಿಬಿ ಮೂಲಕವೇ ಕೊಡಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಪಂಪಿನಲ್ಲಿ ಹೀಗಾಗಲು ಮುಖ್ಯವಾಗಿ ಎರಡು ಕಾರಣ. ಒಂದು, ರಾಳದ ಪದರ ಬಿರಿದು ಕಾಯಿಲಿಗೆ ನೀರು ಇಳಿದಿರುವುದು. ಪಂಪು ನೀರಿಲ್ಲದೆ ಓಡಿ ಬಿಸಿಯಾಗಿದ್ದರೂ ಬಿರಿಯಬಹುದು, ತಯಾರಿಕೆಯ ದೋಷದಿಂದಲೂ ಬಿರಿಯಬಹುದು. ಇನ್ನೊಂದು, ಕೇಬಲ್ಲಿನ ಜಾಯಿಂಟ್. ಪಂಪಿನ ವೈರು ಪ್ಲಗ್‌ವರೆಗೆ ಸಾಲದೆ ಕತ್ತರಿಸಿ, ಟೇಪು ಸುತ್ತಿ ಉದ್ದ ಮಾಡುವುದು ನಮ್ಮಲ್ಲಿ ಮಾಮೂಲು. ಕೇಬಲ್ ಕತ್ತರಿಸಿದ ಪಂಪಿಗೆ ವಾರಂಟಿ ಇಲ್ಲ ಎಂದು ಹೆಚ್ಚಿನ ಕಾರ್ಡುಗಳಲ್ಲಿ ಬರೆದಿರುತ್ತದೆ. ಆ ಷರತ್ತಿನ ವಿಷಯದಲ್ಲಿ ನಾನು ಕಂಪನಿಯ ಪಕ್ಷ. ಅಂಗಡಿಯವನೇ ವೈರು ಜೋಡಿಸಿ ಕೊಟ್ಟಿದ್ದರೆ ಮಾತು ಬೇರೆ. ಅದನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿರಬೇಕು. ಉದ್ದದ ಕೇಬಲ್ ಇರುವ ಮಾದರಿಯನ್ನೇ ಕೊಳ್ಳಿ, ಇಲ್ಲವೇ ಮಳೆ ತಾಗದ ಔಟ್‌ಡೋರ್ ಸಾಕೆಟ್ಟನ್ನು ಕೊಳದ ಸಮೀಪಕ್ಕೆ ತರಿಸಿ.

*ಆನ್‌ಲೈನ್‌ನಲ್ಲಿ ತರಿಸಿದ ಪಂಪು, ಎರಡು ವರ್ಷ ವಾರಂಟಿ. ಏಳನೇ ತಿಂಗಳಿಗೆ ಸತ್ತಿತು. ಮಾರಿದವರು ಕಂಪನಿಯನ್ನು ಕೇಳಿ ಎನ್ನುತ್ತಾರೆ. ಕಂಪನಿಯ ಫೋನು ಯಾರೂ ಎತ್ತುವುದಿಲ್ಲ. ಒಮ್ಮೆ ಎತ್ತಿದಾಗ 'ಗಡಸು ನೀರಿಗೆ ವಾರಂಟಿ ಇಲ್ಲ' ಎಂದರು. ಎರಡು ಸಾವಿರ ರೂಪಾಯಿಗೆ ಕೋರ್ಟಿಗೆ ಹೋಗಲಾದೀತೆ?*
— ಓದುಗರು, ಮೈಸೂರು

ಹೋಗಬಹುದು, ಆದರೆ ಹೋಗುವ ಹಂತಕ್ಕೆ ಮೊದಲೇ ಹೆಚ್ಚಿನವು ಮುಗಿಯುತ್ತವೆ. ಫೋನು ಬಿಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇಲ್ಲ.

ಮೊದಲು ಸಾಮಗ್ರಿ ಕೂಡಿಸಿ: ಬಿಲ್ಲಿನ ಫೋಟೋ (ಥರ್ಮಲ್ ಕಾಗದದ ಬಿಲ್ಲು ವರ್ಷದೊಳಗೇ ಮಾಸುತ್ತದೆ), ಪಂಪಿನ ಮೇಲಿನ ಸೀರಿಯಲ್ ನಂಬರು, ಡಬ್ಬಿಯ ಎಲ್ಲ ಬದಿಗಳು, ಮಾರಾಟದ ಪುಟದಲ್ಲಿ ವಾರಂಟಿಯ ಬಗ್ಗೆ ಬರೆದಿರುವುದರ ಸ್ಕ್ರೀನ್‌ಶಾಟ್. ಡಬ್ಬಿಯಲ್ಲಿ ಬಂದ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಇರಲೇಬೇಕೆಂದು ಕಾನೂನು ಮಾಪನದ 2011ರ ನಿಯಮ ಹೇಳುತ್ತದೆ. ಬಳಿಕ ಬಕೆಟ್ಟಿನ ನಲ್ಲಿ ನೀರಿನಲ್ಲಿ ಪಂಪನ್ನು ಮುಳುಗಿಸಿ, ಸ್ವಿಚ್ ಹಾಕಿದರೂ ಓಡದಿರುವುದನ್ನು ಒಂದೇ ವೀಡಿಯೋದಲ್ಲಿ ಹಿಡಿಯಿರಿ. ರೋಟರ್ ತೆಗೆದು ಸುಣ್ಣವಿಲ್ಲ ಎಂಬುದನ್ನೂ ತೋರಿಸಿದರೆ 'ಗಡಸು ನೀರು' ಎಂಬ ನೆಪಕ್ಕೆ ಕಾಲೇ ಇರುವುದಿಲ್ಲ. ಅದಕ್ಕಿಂತ ಹೆಚ್ಚು ಬಿಚ್ಚಬೇಡಿ. ದೂರು ಗ್ರಾಹಕ ಆಯೋಗದವರೆಗೆ ಹೋದರೆ, ದೋಷ ಪರೀಕ್ಷಿಸಲು ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಆಗ ಅದು ಇದ್ದಂತೆಯೇ ಇರಬೇಕು.

ಆಮೇಲೆ ಮಾರಾಟಗಾರ, ಆಮದುದಾರ, ಆನ್‌ಲೈನ್ ತಾಣದ ದೂರು ಅಧಿಕಾರಿ, ಮೂವರಿಗೂ ಒಂದೇ ಇಮೇಲ್. ಉದ್ದ ಬೇಡ, ಸಿಟ್ಟೂ ಬೇಡ. "ಇಂಥ ದಿನ ಕೊಂಡ, ಈ ಸೀರಿಯಲ್ ನಂಬರಿನ ಪಂಪು ವಾರಂಟಿ ಅವಧಿಯಲ್ಲೇ ನಿಂತಿದೆ. ಬಿಲ್ಲು, ವೀಡಿಯೋ ಲಗತ್ತಿಸಿದ್ದೇನೆ. 15 ದಿನಗಳಲ್ಲಿ ಬದಲಿಸಿ ಅಥವಾ ಹಣ ಹಿಂದಿರುಗಿಸಿ" ಎಂದರೆ ಸಾಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಡಸು ನೀರಿನ ಷರತ್ತು ಎಲ್ಲಿ ಬರೆದಿದೆ, ಕೊಳ್ಳುವ ಮೊದಲು ನನಗೆ ಎಲ್ಲಿ ತೋರಿಸಿದಿರಿ ಎಂದು ಅದೇ ಪತ್ರದಲ್ಲಿ ಕೇಳಿ. ಮಾರುವಾಗ ಮುಚ್ಚಿಟ್ಟು ಕೆಟ್ಟ ಮೇಲೆ ತೆಗೆಯುವ ಷರತ್ತನ್ನು ಆಯೋಗದ ಮುಂದೆ ಸಮರ್ಥಿಸಿಕೊಳ್ಳುವುದು ಅವರಿಗೆ ಸುಲಭವಲ್ಲ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಅದು ತೀರ್ಪು ಕೊಡುವ ಜಾಗವಲ್ಲ, ಕಂಪನಿಗೆ ದೂರು ತಲುಪಿಸಿ ಉತ್ತರ ಕೇಳುತ್ತದೆ. ಅದಕ್ಕೂ ಜಗ್ಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಕಾಯ್ದೆಯಡಿ ನೀವು ಇರುವ ಊರಿನಲ್ಲೇ ದೂರು ಹೂಡಬಹುದು, ಆಮದುದಾರ ದೆಹಲಿಯಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು ಎರಡು ವರ್ಷ. ಮಾರಾಟಗಾರ, ಆಮದುದಾರ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. 'ಅವರನ್ನು ಕೇಳಿ, ಇವರನ್ನು ಕೇಳಿ' ಎಂಬ ಆಟವನ್ನು ಅವರೇ ಆಯೋಗದ ಮುಂದೆ ಆಡಿಕೊಳ್ಳಲಿ. ಎರಡು ಸಾವಿರಕ್ಕೆ ಇಷ್ಟು ಓಡಾಟ ಲಾಭವೇ ಎಂದರೆ, ಲೆಕ್ಕದಲ್ಲಿ ಅಲ್ಲ. ಆದರೆ ಇಮೇಲ್ ಮತ್ತು 1915ರವರೆಗಿನ ಹೆಜ್ಜೆಗಳಿಗೆ ಒಂದು ಸಂಜೆ ಸಾಕು. ಅಷ್ಟನ್ನಾದರೂ ಮಾಡದೆ ಬಿಡಬೇಡಿ.

*ನಮ್ಮದು ಹೋಮ್‌ಸ್ಟೇ. ನಾಲ್ಕು ಕೊಳ, ನಾಲ್ಕು ಪಂಪು. ನಮಗೂ ಇದೇ ದಾರಿಯೆ?*
— ಓದುಗರು, ಚಿಕ್ಕಮಗಳೂರು ಜಿಲ್ಲೆ

ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ನಡೆಸುವವರಿಗೆ ವಿನಾಯಿತಿ ಇದೆ. ನೀವು ಅದರೊಳಗೆ ಬರುತ್ತೀರೋ ಇಲ್ಲವೋ ಎಂಬುದೇ ಒಂದು ವಾದವಾದೀತು. ಗೃಹಬಳಕೆಗೆ ಮಾತ್ರ ವಾರಂಟಿ ಎಂದು ಕೆಲವು ಕಾರ್ಡುಗಳೂ ಹೇಳುತ್ತವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಲ್ಕೂ ಒಂದೇ ಮಾದರಿಯ ಪಂಪು ಹಾಕಿ, ಎರಡು ರೋಟರ್ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

*ಬದಲಿ ಪಂಪಿಗೆ ವಾರಂಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೆ? ಸರ್ವಿಸ್ ಸೆಂಟರ್ ಮೂರು ವಾರ ಇಟ್ಟುಕೊಂಡಿತ್ತು. ಅಷ್ಟರಲ್ಲಿ ಎರಡು ಮೀನು ಸತ್ತವು.*
— ಓದುಗರು, ಪುತ್ತೂರು

ಸಾಮಾನ್ಯವಾಗಿ ಇಲ್ಲ. ಮೊದಲ ಬಿಲ್ಲಿನ ದಿನದಿಂದಲೇ ಲೆಕ್ಕ ಎಂದು ಕಾರ್ಡಿನಲ್ಲಿ ಇರುತ್ತದೆ, ಓದಿ ನೋಡಿ. ಕೊಟ್ಟ ದಿನ, ಮರಳಿ ಪಡೆದ ದಿನ ಎರಡನ್ನೂ ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಆ ಮೂರು ವಾರವನ್ನು ವಾರಂಟಿಗೆ ಸೇರಿಸಿ ಎಂದು ಕೇಳಿದರೆ ಕೆಲವರು ಒಪ್ಪುತ್ತಾರೆ.

ಮೀನು ಸತ್ತದ್ದು ಬಹುಶಃ ಬೆಳಗಿನ ಜಾವ. ರಾತ್ರಿ ಗಿಡಗಳೂ ಪಾಚಿಯೂ ಆಮ್ಲಜನಕ ಬಳಸಿಕೊಳ್ಳುವುದರಿಂದ ನೀರಿನಲ್ಲಿ ಅದು ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಮುಂಚೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಚಿಕ್ಕ ಏರ್ ಪಂಪು ಒಂದನ್ನು ಮನೆಯಲ್ಲಿಟ್ಟಿರಿ, ಪಂಪು ಇಲ್ಲದ ದಿನಗಳಲ್ಲಿ ರಾತ್ರಿಯಿಡೀ ಓಡಿಸಿ, ಆಹಾರ ಕಡಿಮೆ ಮಾಡಿ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುವುದಕ್ಕೆ ವಾರ-ಹತ್ತು ದಿನ ಸಾಕು, ನಾಲ್ಕು ಗಪ್ಪಿ ಮೀನು ಬಿಟ್ಟರೆ ಸೊಳ್ಳೆಮರಿಗಳೇ ಅವುಗಳ ಊಟ. ಹೊಸ ಪಂಪು ಬಂದಾಗ ಅದನ್ನು ಕೊಳದ ತಳದಲ್ಲಿ ಇಡಬೇಡಿ, ಎರಡು ಇಟ್ಟಿಗೆಯ ಮೇಲೆ ಇಡಿ. ಕೆಸರು ಒಳಹೋಗುವುದಿಲ್ಲ. ರಾತ್ರಿ ಎಲ್ಲಾದರೂ ಪೈಪು ಕಳಚಿ ನೀರೆಲ್ಲ ಹೊರಚೆಲ್ಲಿದರೂ, ಪಂಪಿನ ಮಟ್ಟಕ್ಕಿಂತ ಕೆಳಗಿನ ನೀರು ಮೀನಿಗೆ ಉಳಿದಿರುತ್ತದೆ.