ಕೀಲು ಬದಲಿ ಶಸ್ತ್ರಚಿಕಿತ್ಸೆ: ಮರೆಮಾಚದಿರುವುದೇ ಮೊದಲ ಸಿದ್ಧತೆ

ಮಠಕ್ಕೆ ಬರುವ ಹಿರಿಯರಲ್ಲಿ ಅನೇಕರು ಇಂದು ಪ್ರಸಾದದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತುಕೊಳ್ಳಲಾರರು. ಇಷ್ಟಲಿಂಗ ಪೂಜೆಗೆ ಕುಳಿತವರು ಏಳುವಾಗ ಗೋಡೆಯನ್ನೋ ಮಕ್ಕಳ ಕೈಯನ್ನೋ ಹಿಡಿಯಬೇಕಾಗುತ್ತದೆ. ಮೊಣಕಾಲಿನ ಸವೆತವು ಪ್ರಾಣಕ್ಕೆ ಎರವಾಗುವ ವ್ಯಾಧಿಯಲ್ಲ. ಆದರೆ ಅದು ಮನುಷ್ಯನಿಂದ ಅವನ ಕಾಯಕವನ್ನು ಕಸಿದುಕೊಳ್ಳುತ್ತದೆ. ಗುಳಿಗೆ, ವ್ಯಾಯಾಮ, ತೂಕದ ಇಳಿಕೆ ಯಾವುದರಿಂದಲೂ ಪ್ರಯೋಜನವಾಗದೆ ರಾತ್ರಿಯ ನಿದ್ರೆಯೂ ಕೆಡುವ ಹಂತದಲ್ಲಿ ವೈದ್ಯರು ಕೀಲು ಬದಲಿ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ.

ಜನರು ಇದನ್ನು ‘ಮಂಡಿಚಿಪ್ಪು ಬದಲಾಯಿಸುವುದು’ ಎನ್ನುವರು. ವಾಸ್ತವವಾಗಿ ಇಲ್ಲಿ ತೊಡೆಯ ಮೂಳೆಯ ಮತ್ತು ಅದರ ಕೆಳಗಿನ ಕಾಲುಮೂಳೆಯ ಸವೆದ ತುದಿಗಳನ್ನು ತೆಳುವಾಗಿ ಕತ್ತರಿಸಿ, ಅವುಗಳ ಮೇಲೆ ಲೋಹದ ಹೊದಿಕೆಯನ್ನೂ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪದರವನ್ನೂ ಕೂರಿಸಲಾಗುತ್ತದೆ. ಈ ಲೋಹಕ್ಕೆ ರಕ್ತಸಂಚಾರವಿಲ್ಲ. ರೋಗಾಣುಗಳು ಅದಕ್ಕೆ ಅಂಟಿಕೊಂಡರೆ ಔಷಧವು ಅಲ್ಲಿಗೆ ಸುಲಭವಾಗಿ ತಲುಪದು. ಕೆಲವೊಮ್ಮೆ ಹಾಕಿದ ಕೀಲನ್ನೇ ಹೊರತೆಗೆಯಬೇಕಾಗುತ್ತದೆ. ಪೂರ್ವಸಿದ್ಧತೆಗೆ ಇಷ್ಟೊಂದು ಮಹತ್ವವಿರುವುದು ಈ ಕಾರಣದಿಂದಲೇ.

ಸಮಯವು ನಮ್ಮ ಕೈಯಲ್ಲಿದೆ

ಅರವತ್ತಾರು ವರ್ಷದ ಒಬ್ಬ ತಾಯಿ ಇದ್ದಾರೆಂದು ಭಾವಿಸೋಣ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಎರಡು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದಾರೆ. ಮಂಡಿನೋವಿಗೆ ಯಾರೋ ಕೊಟ್ಟ ಪುಡಿಯನ್ನೂ ಸೇವಿಸುತ್ತಾರೆ. ವೈದ್ಯರು ‘ಬೇರೇನಾದರೂ ತೊಂದರೆ ಇದೆಯೇ?’ ಎಂದು ಕೇಳಿದಾಗ, ‘ಏನೂ ಇಲ್ಲ, ಸ್ವಲ್ಪ ಶುಗರ್ ಅಷ್ಟೆ’ ಎಂದು ಮಗ ಉತ್ತರಿಸುತ್ತಾನೆ. ಎಲ್ಲವನ್ನೂ ಹೇಳಿದರೆ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿಯಾರೆಂಬ ಭಯ ಅವನದು. ಈ ಭಯವು ಸಹಜ, ಆದರೆ ಅಪಾಯಕಾರಿ.

ಕೀಲು ಬದಲಿಯು ತುರ್ತು ಚಿಕಿತ್ಸೆಯಲ್ಲ. ಎರಡು ಮೂರು ತಿಂಗಳು ಕಾದರೆ ಬಹುಪಾಲು ರೋಗಿಗಳಿಗೆ ನೋವು ಮುಂದುವರಿಯುತ್ತದೆಯೇ ಹೊರತು ಪ್ರಾಣಕ್ಕೆ ಕುತ್ತಿಲ್ಲ. ಆ ಅವಧಿಯಲ್ಲಿ ದೇಹವನ್ನು ಸಜ್ಜುಗೊಳಿಸಬಹುದು. ಇತಿಹಾಸ ಜಟಿಲವಾಗಿದ್ದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅಸಾಧ್ಯವಾಗದು. ಮರೆಮಾಚಿದ ಇತಿಹಾಸವೇ ಅದನ್ನು ಗಂಡಾಂತರಕ್ಕೆ ದೂಡುತ್ತದೆ.

ವೈದ್ಯರಿಗೆ ತಿಳಿಸಬೇಕಾದುದು

ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಳ್ಳಿರಿ. ಗುಳಿಗೆಗಳ ಪಟ್ಟಿಗಳನ್ನೂ ಹಳೆಯ ವರದಿಗಳನ್ನೂ ಚೀಲದಲ್ಲಿ ತುಂಬಿ ಒಯ್ಯಿರಿ.

1. ಹಿಂದಿನ ಶಸ್ತ್ರಚಿಕಿತ್ಸೆಗಳು, ಅರಿವಳಿಕೆಯಿಂದ ತೊಂದರೆಯಾಗಿದ್ದಲ್ಲಿ ಅದರ ವಿವರ.
2. ಹೃದಯಾಘಾತ, ಪಾರ್ಶ್ವವಾಯು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಪ್ರಸಂಗ.
3. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ತೊಂದರೆಗಳು; ಉಬ್ಬಸ; ಜೋರಾದ ಗೊರಕೆಯ ನಡುವೆ ಉಸಿರು ನಿಲ್ಲುವಿಕೆ.
4. ಒಗ್ಗದ ಔಷಧಗಳು.
5. ನಾಟಿ, ಆಯುರ್ವೇದ, ಹೋಮಿಯೋಪಥಿ ಸೇರಿದಂತೆ ಸೇವಿಸುತ್ತಿರುವ ಪ್ರತಿಯೊಂದು ಔಷಧ. ಹೆಸರಿಲ್ಲದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಬಹುಕಾಲ ಸ್ಟೀರಾಯ್ಡ್ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುವ ಸಂಭವವಿದೆ.
6. ಮಂಡಿಗೆ ಹಾಕಿಸಿಕೊಂಡ ಚುಚ್ಚುಮದ್ದಿನ ದಿನಾಂಕ. ಸ್ಟೀರಾಯ್ಡ್ ಚುಚ್ಚುಮದ್ದಿನ ನಂತರ ಸಾಮಾನ್ಯವಾಗಿ 3 ತಿಂಗಳು ಕಾಯುತ್ತಾರೆ. ಇಲ್ಲವಾದರೆ ಸೋಂಕಿನ ಭೀತಿ ಹೆಚ್ಚು.

ರಕ್ತ ತೆಳುಗೊಳಿಸುವ ಗುಳಿಗೆಗಳು

‘ಆಪರೇಷನ್ ಇದೆಯೆಂದು ನಾವೇ ಗುಳಿಗೆ ನಿಲ್ಲಿಸಿದೆವು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮುಂತಾದವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ತಿಳಿಸದೆ ಮುಂದುವರಿಸಿದರೆ ಅತಿಯಾದ ರಕ್ತಸ್ರಾವವಾಗಬಹುದು. ಯಾವುದನ್ನು, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದನ್ನು ಹೃದ್ರೋಗ ತಜ್ಞರು, ಮೂಳೆ ತಜ್ಞರು ಮತ್ತು ಅರಿವಳಿಕೆ ತಜ್ಞರು ಸೇರಿ ನಿರ್ಣಯಿಸಬೇಕು. ಸ್ಟೆಂಟ್ ಹಾಕಿದ ಬಳಿಕ ಇಂತಹ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಕನಿಷ್ಠ 6 ತಿಂಗಳು, ಹೃದಯಾಘಾತದ ಕಾರಣಕ್ಕೆ ಹಾಕಿದ್ದರೆ ಸುಮಾರು 12 ತಿಂಗಳು ಮುಂದೂಡುವರು.

ಸಕ್ಕರೆ, ರಕ್ತ, ಸೋಂಕು

ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಎಚ್‌ಬಿಎ1ಸಿ ಪರೀಕ್ಷೆ ತೋರಿಸುತ್ತದೆ. ಅದು ಶೇಕಡಾ 7.5ರಿಂದ 8ರೊಳಗೆ ಇಳಿದ ಮೇಲೆಯೇ ಮುಂದುವರಿಯುವುದು ಅನೇಕ ವೈದ್ಯರ ಕ್ರಮ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಗುಳಿಗೆಗಳನ್ನು ವೈದ್ಯರ ಸೂಚನೆಯಂತೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ಉಪವಾಸದ ಸಮಯದಲ್ಲಿ ರಕ್ತದಲ್ಲಿ ಆಮ್ಲಾಂಶ ಏರಬಹುದು.

ಹಿಮೋಗ್ಲೋಬಿನ್ ಮಹಿಳೆಯರಲ್ಲಿ 12ಕ್ಕಿಂತ, ಪುರುಷರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಾರಣವನ್ನು ಹುಡುಕಿ ಮೊದಲೇ ಸರಿಪಡಿಸಿದರೆ, ಬೇರೆಯವರ ರಕ್ತ ಪಡೆಯುವ ಪ್ರಸಂಗ ತಪ್ಪಬಹುದು. ಹುಳುಕುಹಲ್ಲು, ಒಸಡಿನ ಕೀವು, ಹಿಮ್ಮಡಿಯ ಬಿರುಕು, ಕಾಲ್ಬೆರಳ ಸಂದಿನ ಹುಣ್ಣು, ಉರಿಮೂತ್ರ ಇವು ಚಿಕ್ಕವೆಂದು ಕಂಡರೂ ರೋಗಾಣುಗಳ ಮನೆಗಳು; ಮೊದಲೇ ಗುಣಪಡಿಸಿಕೊಳ್ಳಿರಿ. ಬೀಡಿ ಸಿಗರೇಟುಗಳನ್ನೂ, ಎಲೆಯಡಿಕೆಯೊಡನೆ ಹಾಕುವ ಹೊಗೆಸೊಪ್ಪನ್ನೂ ಕನಿಷ್ಠ 4 ವಾರ ಮೊದಲೇ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತದೆ.

ಮನೆ ಮತ್ತು ಪೂಜೆ

ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಮೊದಲೇ ಕಲಿತವರು ಬೇಗ ನಡೆಯುತ್ತಾರೆ. ಮನೆಯಲ್ಲಿ ಕಮೋಡ್, ಬಚ್ಚಲಿನಲ್ಲಿ ಹಿಡಿಕೆ, ಎತ್ತರದ ಕುರ್ಚಿ ಇರಲಿ. ಕಾಲಿಗೆ ತೊಡಕುವ ಚಾಪೆ, ಜಮಖಾನಗಳನ್ನು ತೆಗೆದಿಡಿರಿ. ಹೊಸ ಕೀಲಿನೊಂದಿಗೆ ಪದ್ಮಾಸನ, ಕುಕ್ಕುರುಗಾಲು ಹಿತವಲ್ಲ. ಇಷ್ಟಲಿಂಗ ಪೂಜೆಯನ್ನು ಕುರ್ಚಿಯಲ್ಲಿ ಕುಳಿತು ಮಾಡುವ ರೂಢಿಯನ್ನು ಈಗಲೇ ಆರಂಭಿಸಿರಿ. ಅಂಗೈಯಲ್ಲಿ ಲಿಂಗವಿದ್ದು ಮನಸ್ಸು ನಿಂತರೆ ಆಸನದ ಎತ್ತರವು ಭಕ್ತಿಯನ್ನು ಅಳೆಯದು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿದ್ಯುತ್ ಉಪಕರಣಗಳನ್ನು ಬಳಸುವುದರಿಂದ ಮೈಮೇಲಿನ ಲೋಹದ ವಸ್ತುಗಳನ್ನು ತೆಗೆಸುತ್ತಾರೆ. ಬೆಳ್ಳಿಯ ಕರಡಿಗೆಯೂ ಅದರಲ್ಲಿ ಸೇರುತ್ತದೆ. ಸ್ಟ್ರೆಚರಿನ ಮೇಲೆ ಮಲಗಿದಾಗ ಈ ವಿಷಯ ಎದುರಾದರೆ ಹಿರಿಯರು ಕಳವಳಗೊಳ್ಳುತ್ತಾರೆ. ಆ ಹೊತ್ತಿಗೆ ಏನು ಮಾಡಬೇಕೆಂಬುದನ್ನು ಗುರುಗಳನ್ನೂ ಆಸ್ಪತ್ರೆಯವರನ್ನೂ ಮುಂಚಿತವಾಗಿ ಕೇಳಿ ನಿರ್ಧರಿಸಿಕೊಳ್ಳಿರಿ. ಗಾಯ ಪೂರ್ಣವಾಗಿ ಮಾಯುವವರೆಗೆ ಅದರ ಮೇಲೆ ವಿಭೂತಿಯನ್ನಾಗಲಿ ಎಣ್ಣೆಯನ್ನಾಗಲಿ ಲೇಪಿಸಬಾರದು.

ವೈದ್ಯರು ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂದರೆ, ಮತ್ತೊಂದು ಆಸ್ಪತ್ರೆಗೆ ಹೋಗಿ ಅರ್ಧ ಸತ್ಯ ಹೇಳುವ ಯೋಚನೆಯನ್ನು ಬಿಡಿರಿ. ಆ ಮೂರು ತಿಂಗಳೂ ಚಿಕಿತ್ಸೆಯ ಭಾಗವೇ. ಮೇಲೆ ಹೇಳಿದ ತಾಯಿಯ ಪರವಾಗಿ ಮಗನು ಉತ್ತರಿಸುವುದಕ್ಕಿಂತ, ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿದು ತಾಯಿಯೇ ಮಾತನಾಡಲಿ. ನುಡಿಯಲ್ಲಿ ಸತ್ಯವಿರಬೇಕೆಂದು ಶರಣರು ಕಲಿಸಿದ ಪಾಠವು ವೈದ್ಯರ ಕೊಠಡಿಯಲ್ಲಿಯೂ ನಮ್ಮನ್ನು ಕಾಯುತ್ತದೆ.