ಶರೀರದ ಭಾರವೂ ನೆರೆಯವರ ಆಸರೆಯೂ

(ಮನೆಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



ಈ ತಿಂಗಳ ಪಾಠವು ಊಟದ ವಿಷಯವಾಗಿಯೂ ಶರೀರದ ತೂಕದ ವಿಷಯವಾಗಿಯೂ ಇರುತ್ತದೆ. ಹೊಟ್ಟೆಯ ಸಂಗತಿಯನ್ನು ಮನೆಕೂಟದಲ್ಲಿ ಎತ್ತುವದೇಕೆಂದು ಕೆಲವರು ಕೇಳಾರು. ಮೈಭಾರದ ನಿಮಿತ್ತ ಮೊಣಕಾಲು ನೋವಿನಿಂದ ನರಳುವವರೂ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಕಷ್ಟಪಡುವವರೂ ಈಗ ಪಟ್ಟಣಗಳಲ್ಲಿ ಮಾತ್ರವಲ್ಲ, ಹಳ್ಳಿಗಳಲ್ಲಿಯೂ ಇದ್ದಾರೆ. ನಮ್ಮ ಪಕ್ಕದಲ್ಲಿ ಕೂತವರ ಕಷ್ಟವು ನಮ್ಮ ಕಷ್ಟವೇ ಆಗಿರುವದರಿಂದ ಇದನ್ನು ಎತ್ತಿದ್ದೇವೆ.

ಮೊದಲು ಒಂದು ದೃಷ್ಟಾಂತ. ಶೆಟ್ಟಿಹಳ್ಳಿ ಎಂಬ ಹೆಸರು ತುಮಕೂರು ನಗರದಲ್ಲಿಯೂ ಗುಬ್ಬಿ, ಕುಣಿಗಲ್ ಸೀಮೆಗಳಲ್ಲಿಯೂ ಉಂಟು. ಇವುಗಳಲ್ಲಿ ಯಾವದಾದರೊಂದು ಶೆಟ್ಟಿಹಳ್ಳಿಯಲ್ಲಿ ವಾಸಿಸುವ ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಆಕೆ ಮೊಣಕಾಲು ನೋವಿಗೆ ಔಷಧ ಕೇಳಲು ಆಸ್ಪತ್ರೆಗೆ ಹೋದಳು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಕಾಯಿಲೆ ಬಾಗಲಿಗೆ ಬಂದು ನಿಂತಿದೆ, ತೂಕವನ್ನು ಇಳಿಸಮ್ಮಾ ಎಂದು ಹೇಳಿ ಕಳುಹಿಸಿದರು. ಆಕೆ ಈ ಮಾತನ್ನು ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ. ಮೂರು ರಾತ್ರಿ ಮುದ್ದೆಯನ್ನು ಬಿಟ್ಟು ಬರೀ ಮಜ್ಜಿಗೆ ಕುಡಿದು ಮಲಗಿದಳು. ನಾಲ್ಕನೆಯ ದಿನ ನೆಂಟರ ಮನೆಯಲ್ಲಿ ಬಾಪ್ತಿಸ್ಮದ ಊಟವಿತ್ತು. ಎಲೆಯ ಮುಂದೆ ಆಕೆ ಕೈ ಅಡ್ಡ ಹಿಡಿದಾಗ, "ಯಾಕಕ್ಕಾ, ನಮ್ಮನೆ ಊಟ ಸೇರಲಿಲ್ವಾ?" ಎಂದು ಒಬ್ಬಳು ಇನ್ನೊಂದು ಸೌಟು ಬಡಿಸಿದಳು. "ಇವರ ಮೈ ನೋಡಿದರೆ ಬೇಡ ಅನ್ನೋರ ಹಾಗೆ ಕಾಣಲ್ಲ" ಎಂದು ಮತ್ತೊಬ್ಬಳು ಹೇಳಲು ಪಂಕ್ತಿಯೆಲ್ಲಾ ನಕ್ಕಿತು. ಆಕೆಯೂ ನಕ್ಕಳು. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಕಟ್ಟಿಕೊಟ್ಟಿದ್ದ ಕಜ್ಜಾಯದ ಡಬ್ಬಿಯನ್ನು ಕತ್ತಲಲ್ಲಿ ತೆರೆದು ಒಂದೊಂದಾಗಿ ಎಲ್ಲವನ್ನೂ ತಿಂದುಬಿಟ್ಟಳು.

ಈ ತಾಯಿಗೆ ಯಾವದು ಕೊರತೆಯಾಗಿತ್ತು? ಬುದ್ಧಿವಾದವಲ್ಲ, ಅದು ಆಕೆಗೆ ದೊರಕಿತ್ತು. ಮನಸ್ಸೂ ಅಲ್ಲ, ಮೂರು ರಾತ್ರಿ ಆಕೆ ಹಸಿದು ಮಲಗಿದಳು. ಆಕೆಗೆ ಕೊರತೆಯಾದದ್ದು ಜೊತೆ. ಇದೇ ಈ ಪಾಠದ ಸಾರಾಂಶವು.

೧. ಈ ಭಾರವು ಎಲ್ಲಿಂದ ಬಂತು?

ದಪ್ಪಗಿರುವವರನ್ನು ಕಂಡ ಕೂಡಲೇ ಹೊಟ್ಟೆಬಾಕರೆಂದು ತೀರ್ಪು ಮಾಡುವದು ಸುಲಭ. ಆದರೆ ಸಂಗತಿ ಅಷ್ಟು ಸುಲಭವಾದದ್ದಲ್ಲ.

ನಮ್ಮ ಹಿರಿಯರು ಬಲ್ಲದ್ದು ಹಸಿವೆಯನ್ನು. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆಯಲ್ಲಿ ಮಹಾಕ್ಷಾಮವುಂಟಾಯಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ನಾಲ್ವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲವನ್ನು ದಾಟಿ ಬಂದವರ ಮಕ್ಕಳು ಮೊಮ್ಮಕ್ಕಳಲ್ಲಿ, ಬಂದವರಿಗೆ ಒತ್ತಾಯಪಡಿಸಿ ಬಡಿಸುವದೇ ಪ್ರೀತಿಯೆಂದೂ, ತುಂಬಿದ ಮೈಯೇ ಸುಖದ ಗುರುತೆಂದೂ ನೆಲೆಗೊಂಡದ್ದು ಆಶ್ಚರ್ಯವಲ್ಲ.

ಇನ್ನೊಂದು ಕಾರಣವು ನಮ್ಮ ಮೈಯೊಳಗೇ ಇದೆ. ಇದನ್ನು ತೋರಿಸಿಕೊಟ್ಟದ್ದು ನಮ್ಮವೇ ಆದ ಹಳೆಯ ದಫ್ತರಗಳು. ೧೯೦೬ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ ಮಿಶನಿನವರು ಆರಂಭಿಸಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ೧೯೩೪ರಿಂದ ಹುಟ್ಟಿದ ಕೂಸುಗಳ ತೂಕವನ್ನೂ ಉದ್ದವನ್ನೂ ಬರೆದಿಟ್ಟಿದ್ದರು. ೧೯೩೪ರಿಂದ ೧೯೫೪ರೊಳಗೆ ಅಲ್ಲಿ ಹುಟ್ಟಿದವರಲ್ಲಿ ೫೧೭ ಮಂದಿಯನ್ನು ಅವರು ದೊಡ್ಡವರಾದ ಮೇಲೆ ವೈದ್ಯರು ಹುಡುಕಿ ಪರೀಕ್ಷಿಸಿ, ೧೯೯೬ರಲ್ಲಿ ಫಲವನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಹೃದಯದ ರೋಗವಿತ್ತು; ಮೂರು ಕಿಲೋಗಿಂತ ಹೆಚ್ಚಾಗಿ ಪುಷ್ಟರಾಗಿ ಹುಟ್ಟಿದವರಲ್ಲಿ ನೂರಕ್ಕೆ ಮೂರು ಮಂದಿಗೆ ಮಾತ್ರ. ಮುಂದೆ ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಿಂದ ನಡೆದ ಪರಿಶೋಧನೆಯಲ್ಲಿ, ನಮ್ಮ ಕೂಸುಗಳು ತೂಕದಲ್ಲಿ ಸಣ್ಣವಾದರೂ ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಬಿಳಿಯರ ಕೂಸುಗಳಿಗೆ ಕಡಿಮೆಯಿಲ್ಲವೆಂದು ಕಂಡುಬಂತು. ಅಂದರೆ ನಮ್ಮವರಲ್ಲಿ ಮಾಂಸವು ಕಡಿಮೆಯಾಗಿಯೂ ಕೊಬ್ಬು ನಡುವಿನ ಸುತ್ತ ಹೆಚ್ಚಾಗಿಯೂ ಕೂಡುವ ಗುಣವು ಹುಟ್ಟಿನಿಂದಲೇ ಇದೆ. ಆದಕಾರಣ ತೋಳು ಸಣಕಲಾಗಿದ್ದರೂ ಹೊಟ್ಟೆ ಬಂದವರು ಅಪಾಯದಿಂದ ಹೊರಗಲ್ಲ. ನಮ್ಮ ದೇಶದ ವೈದ್ಯರು ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ಸೊಂಟದ ಸುತ್ತಳತೆಯನ್ನು ಮೇರೆಯಾಗಿ ಇಟ್ಟಿದ್ದಾರೆ. ದರ್ಜಿಯ ಟೇಪಿನಿಂದ ಇದನ್ನು ಯಾರಾದರೂ ಅಳೆದುಕೊಳ್ಳಬಹುದು.

ಇವುಗಳ ಮೇಲೆ ಕಾಲದ ಬದಲಾವಣೆಯೂ ಸೇರಿತು. ಬೀಸುವ ಕಲ್ಲು ಮೂಲೆಗೆ ಬಿತ್ತು. ನೀರು ಮನೆಯ ಬಾಗಲಿಗೆ ಬಂತು. ಹೊಲಕ್ಕೆ ನಡೆಯುತ್ತಿದ್ದವರು ಮೋಟಾರ್ ಸೈಕಲಿನಲ್ಲಿ ಹೋಗುತ್ತಾರೆ. ಕೆಲಸವು ಕಡಿಮೆಯಾದರೂ ತಟ್ಟೆಯು ಸಣ್ಣದಾಗಲಿಲ್ಲ. ಸಂಜೆಗೆ ಬೋಂಡ, ಬೇಕರಿಯ ಬನ್ನು ಇವು ಹೊಸದಾಗಿ ಸೇರಿಕೊಂಡವು.

೨. ಒಬ್ಬೊಬ್ಬರೇ ಯಾಕೆ ಸೋಲುತ್ತೇವೆ?

ಅಮೇರಿಕಾ ದೇಶದ ನ್ಯೂಯಾರ್ಕಿನಲ್ಲಿ ಜೀನ್ ನೈಡೆಚ್ ಎಂಬ ಗೃಹಿಣಿಯಿದ್ದಳು. ೧೯೬೧ರಲ್ಲಿ ಆಕೆಯ ತೂಕವು ೨೧೪ ಪೌಂಡು, ಅಂದರೆ ಸುಮಾರು ೯೭ ಕಿಲೋ. ಆ ನಗರದ ಆರೋಗ್ಯ ಇಲಾಖೆಯು ನಡಿಸುತ್ತಿದ್ದ ಚಿಕಿತ್ಸಾಲಯಕ್ಕೆ ಹೋಗಿ ಊಟದ ಪಟ್ಟಿಯನ್ನು ತಂದಳು. ಪಟ್ಟಿಯು ಒಳ್ಳೆಯದೇ; ಆದರೆ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಬಿಸ್ಕತ್ತುಗಳನ್ನು ಬಚ್ಚಿಟ್ಟು ಗುಟ್ಟಾಗಿ ತಿನ್ನುವ ಅಭ್ಯಾಸವನ್ನು ಆಕೆ ಯಾರಿಗೂ ಹೇಳಲಾರದೆ ಇದ್ದಳು. ಕಡೆಗೆ, ತನ್ನಂತೆಯೇ ಮೈಭಾರವುಳ್ಳ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಆ ಗುಟ್ಟನ್ನು ಬಿಚ್ಚಿ ಹೇಳಿದಳು. ಕೇಳಿದವರು ನಗಲಿಲ್ಲ, ತಂತಮ್ಮ ಗುಟ್ಟುಗಳನ್ನು ತಾವೂ ಹೇಳಿಕೊಂಡರು. ವಾರವಾರವೂ ಕೂಡುವದೆಂದು ಗೊತ್ತುಮಾಡಿದರು. ಮುಂದಿನ ವರುಷದೊಳಗೆ ಆಕೆಯ ತೂಕವು ೭೨ ಪೌಂಡು ಇಳಿಯಿತು. ೧೯೬೩ರಲ್ಲಿ ಈ ಕೂಟವೇ ಒಂದು ಕಂಪೆನಿಯಾಗಿ, ನಂತರ ಅನೇಕ ದೇಶಗಳಲ್ಲಿ ಹಬ್ಬಿತು.

ಬಟ್ಟೆಯ ಬುಟ್ಟಿಯ ಬಿಸ್ಕತ್ತೂ ಶೆಟ್ಟಿಹಳ್ಳಿಯ ಕಜ್ಜಾಯದ ಡಬ್ಬಿಯೂ ಒಂದೇ ಜಾತಿಯವು. ನಾಚಿಕೆಯು ಮನುಷ್ಯನನ್ನು ಕತ್ತಲೆಗೆ ಓಡಿಸುತ್ತದೆ; ಕತ್ತಲೆಯಲ್ಲಿ ಆಶೆಯು ಬಲಗೊಳ್ಳುತ್ತದೆ; ಬಲಗೊಂಡ ಆಶೆಯು ಇನ್ನಷ್ಟು ನಾಚಿಕೆಯನ್ನು ಹುಟ್ಟಿಸುತ್ತದೆ. ಈ ಗಾಣವನ್ನು ನಿಲ್ಲಿಸುವದು ಗದರಿಕೆಯಿಂದಾಗದು. ಹಾಸ್ಯದಿಂದಂತೂ ಎಂದಿಗೂ ಆಗದು. ಪಂಕ್ತಿಯಲ್ಲಿ ಕೂತು ಇಂಥ ಮಾತಿಗೆ ನಕ್ಕವರಲ್ಲಿ ನಾವೂ ಸೇರಿದ್ದೇವೆಂದು ಇಲ್ಲಿ ಒಪ್ಪಿಕೊಳ್ಳತಕ್ಕದ್ದು.

೩. ಕೂಡಿಕೊಳ್ಳುವದರಿಂದ ನಿಜವಾಗಿ ಪ್ರಯೋಜನವುಂಟೋ?

ಕೇವಲ ಒಬ್ಬ ಸ್ತ್ರೀಯ ಸಾಕ್ಷಿಯು ಸಾಲದೆಂದು ಹೇಳುವವರಿಗಾಗಿ ಮೂರು ಪರೀಕ್ಷೆಗಳನ್ನು ತಿಳಿಸುತ್ತೇವೆ.

ಮೊದಲನೆಯದು: ಬ್ರಿಟನ್, ಜರ್ಮನಿ, ಆಸ್ಟ್ರೇಲಿಯ ದೇಶಗಳಲ್ಲಿ ೭೭೨ ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ವೈದ್ಯರಿಂದ ವಾಡಿಕೆಯ ಆರೈಕೆಯನ್ನು ಮಾತ್ರ ಕೊಡಿಸಿ, ಇನ್ನೊಂದು ಪಾಲಿನವರನ್ನು ಮೇಲೆ ಹೇಳಿದಂಥ ವಾರದ ಕೂಟಗಳಿಗೆ ಕಳುಹಿಸಿದರು. ೨೦೧೧ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಒಂದು ವರುಷದಲ್ಲಿ ಮೊದಲಿನವರು ಸರಾಸರಿ ಎರಡೂಕಾಲು ಕಿಲೋ ಇಳಿದರು, ಕೂಟಕ್ಕೆ ಹೋದವರು ಐದು ಕಿಲೋ.

ಎರಡನೆಯದು: ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ೫೩೧ ಮಂದಿಯನ್ನು ಮದ್ರಾಸಿನ, ಅಂದರೆ ಈಗಿನ ಚೆನ್ನೈನ, ವೈದ್ಯರು ಮೂರು ವರುಷ ಪರೀಕ್ಷಿಸಿ ೨೦೦೬ರಲ್ಲಿ ತಿಳಿಸಿದ್ದೇನೆಂದರೆ, ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ ೫೫ ಮಂದಿಗೆ ಕಾಯಿಲೆ ಹತ್ತಿತು; ಊಟವನ್ನೂ ನಡಿಗೆಯನ್ನೂ ಕ್ರಮಪಡಿಸಿದವರಲ್ಲಿ ನೂರಕ್ಕೆ ೩೯ ಮಂದಿಗೆ. ಇದರಲ್ಲಿ ಗಮನಿಸತಕ್ಕದ್ದೇನೆಂದರೆ, ಕ್ರಮಪಡಿಸಿದವರ ತೂಕವು ಹೆಚ್ಚಾಗಿ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಒಳ್ಳೆಯ ಅಭ್ಯಾಸವು ವ್ಯರ್ಥವಾಗುವದಿಲ್ಲವೆಂದು ಎದೆಗುಂದಿದವರು ಇದರಿಂದ ಧೈರ್ಯ ತಂದುಕೊಳ್ಳಲಿ.

ಮೂರನೆಯದು ನಮಗೆ ಅತಿ ಸಮೀಪವಾದದ್ದು. ಕೇರಳದ ನೆಯ್ಯಾಟ್ಟಿಂಕರ ತಾಲ್ಲೂಕಿನಲ್ಲಿ ೧,೦೦೭ ಮಂದಿಯನ್ನು ಆರಿಸಿಕೊಂಡು, ಅವರಲ್ಲಿ ಒಂದು ಪಾಲಿನವರಿಗೆ ಒಂದು ವರುಷದಲ್ಲಿ ೧೫ ಕೂಟಗಳನ್ನು ನಡಿಸಿದರು. ಅವುಗಳಲ್ಲಿ ೧೨ನ್ನು ನಡಿಸಿದವರು ವೈದ್ಯರಲ್ಲ, ತರಬೇತು ಹೊಂದಿದ ಸಾಮಾನ್ಯ ಜನರೇ. ಎರಡು ವರುಷಗಳಾದ ಮೇಲೆ ಕೂಟದವರಲ್ಲಿ ನೂರಕ್ಕೆ ಸುಮಾರು ೧೫ ಮಂದಿಗೂ ಉಳಿದವರಲ್ಲಿ ೧೭ ಮಂದಿಗೂ ಸಕ್ಕರೆ ಕಾಯಿಲೆ ಬಂತೆಂದು ೨೦೧೮ರಲ್ಲಿ ಪ್ರಕಟವಾಯಿತು. ಈ ಅಂತರವು ಅಲ್ಪವಾದದ್ದರಿಂದ ಕೂಟವೇ ಕಾಯಿಲೆಯನ್ನು ತಡೆಯಿತೆಂದು ನಿಶ್ಚಯವಾಗಿ ಹೇಳಲಾಗದು. ಆದಾಗ್ಯೂ ಕೂಟದವರು ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರಾದರು. ಅವರಲ್ಲಿ ಕುಡಿತವು ಕಡಿಮೆಯಾಯಿತು. ಕೂಟವು ಮಂತ್ರವಲ್ಲ. ಅದು ಊರುಗೋಲು, ನಡೆಯಬೇಕಾದವರು ನಾವೇ.

೪. ಕೂಟವನ್ನು ನಡಿಸುವ ಕ್ರಮ

ಆರರಿಂದ ಹತ್ತು ಮಂದಿ ಸಾಕು. ವಾರಕ್ಕೊಂದು ಸಾರಿ, ಗೊತ್ತಾದ ದಿನದಲ್ಲಿ, ಒಬ್ಬರ ಜಗಲಿಯಲ್ಲಿ ಕೂಡಬಹುದು. ಮುಂದಾಳಾಗಿ ನಿಲ್ಲತಕ್ಕವರು ತಾವೇ ಈ ಕಷ್ಟವನ್ನು ಬಲ್ಲವರಾಗಿರಬೇಕು. ತೆಳ್ಳಗಿದ್ದು ಬೋಧಿಸುವವರಿಗಿಂತ ಬಿದ್ದು ಎದ್ದವರ ಮಾತು ಹೆಚ್ಚಾಗಿ ನಾಟುತ್ತದೆ. ತೂಕವನ್ನು ಮರೆಯಲ್ಲಿ ನೋಡಿಕೊಂಡು ತಂತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ಎಲ್ಲರೆದುರಿಗೆ ಕೂಗಿ ಹೇಳಬಾರದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ಬಹಳ. ಕೂಟದಲ್ಲಿ ಕೇಳಿದ ಮಾತು ಬಾವಿಕಟ್ಟೆಯನ್ನು ಮುಟ್ಟಬಾರದು. ಮುಟ್ಟಿತೋ, ಆ ಕೂಟವು ಅಲ್ಲಿಗೆ ಮುಗಿಯಿತು.

ಪ್ರತಿ ವಾರವೂ ಒಂದೇ ಅಭ್ಯಾಸವನ್ನು ಹಿಡಿಯಬೇಕು. ದೃಷ್ಟಾಂತಕ್ಕೆ, ಟೀ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು ೧೦ ಗ್ರಾಂ. ದಿನಕ್ಕೆ ಐದು ಲೋಟಕ್ಕೆ ೫೦ ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಆಗುತ್ತದೆ. ದಿನಕ್ಕೆ ೨೫ ಗ್ರಾಂ ಮೀರದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಒಬ್ಬರೇ ಸಪ್ಪೆ ಟೀ ಕುಡಿಯುವದು ಬೇಸರ. ಇಡೀ ಕೂಟದವರು ಒಂದೊಂದು ಚಮಚ ಕಡಿಮೆ ಮಾಡಿದರೆ ಎರಡು ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ.

ಮುದ್ದೆಯ ವಿಷಯದಲ್ಲಿಯೂ ಒಂದು ತಪ್ಪು ತಿಳುವಳಿಕೆಯುಂಟು. ರಾಗಿಯು ನಾರೂ ಸುಣ್ಣದಂಶವೂ ತುಂಬಿದ ಉತ್ತಮ ಧಾನ್ಯವೇ ಸರಿ. ಆದರೆ ಎಷ್ಟು ತಿಂದರೂ ಬಾಧೆಯಿಲ್ಲವೆಂಬುದು ನಿಜವಲ್ಲ. ತೂಕಕ್ಕೆ ತೂಕ ನೋಡಿದರೆ ರಾಗಿಯ ಹಿಟ್ಟಿನ ಶಕ್ತಿಯು ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ಮುದ್ದೆಯನ್ನು ಬಿಡಬೇಕಾಗಿಲ್ಲ, ಅದನ್ನು ಚಿಕ್ಕದು ಮಾಡಿ ಸೊಪ್ಪಿನ ಸಾರನ್ನೂ ಹುರುಳಿ, ಅವರೆ ಮುಂತಾದ ಕಾಳುಗಳನ್ನೂ ಹೆಚ್ಚಿಸಿಕೊಂಡರೆ ಹೊಟ್ಟೆಯೂ ತುಂಬುತ್ತದೆ, ಬಲವೂ ನಿಲ್ಲುತ್ತದೆ. ಎಣ್ಣೆಯ ಸೀಸೆಯನ್ನು ತಂದ ದಿನವನ್ನು ಅದರ ಮೇಲೆಯೇ ಗುರುತು ಹಾಕಿ, ಎಷ್ಟು ದಿನ ಬರುತ್ತದೆಂದು ಕೂಟದಲ್ಲಿ ಹೇಳಿಕೊಳ್ಳಬಹುದು. ಸಂಜೆಯ ನಡಿಗೆಗೆ ಇಬ್ಬಿಬ್ಬರು ಜೊತೆಯಾದರೆ, ಒಬ್ಬರು ಸೋಮಾರಿತನ ಮಾಡಿದ ದಿನ ಇನ್ನೊಬ್ಬರು ಬಾಗಲಲ್ಲಿ ನಿಂತು ಕೂಗುವರು.

ಎಲ್ಲಕ್ಕಿಂತ ಮುಖ್ಯವಾದದ್ದು ಹಬ್ಬ ಮದುವೆಗಳ ಒಪ್ಪಂದ. ಬಡಿಸುವವರು ಒಂದೇ ಸಾರಿ ಕೇಳಬೇಕು. ಉಣ್ಣುವವರು ಸಾಕೆಂದ ಮೇಲೆ ಸಾಕು. ಯಾರ ಮೈಯ ವಿಷಯವಾಗಿಯೂ ಪಂಕ್ತಿಯಲ್ಲಿ ಮಾತೆತ್ತಬಾರದು. ಇಷ್ಟನ್ನು ಸಭೆಯ ಹಿರಿಯರು ಒಪ್ಪಿ ನಡಿಸಿದರೆ, ನೂರು ಪ್ರಸಂಗಗಳಿಂದ ಆಗದ ಉಪಕಾರವಾಗುವದು.

ಯಾರಾದರೂ ಎಡವಿ ಮೂರು ವಾರ ಬಾರದೆ ಹೋದರೆ ಹೇಗೆ? ಅವರ ಮನೆಗೆ ಹೋಗಿರಿ. ತೂಕವನ್ನು ಕೇಳಬೇಡಿರಿ, ಯೋಗಕ್ಷೇಮವನ್ನು ಕೇಳಿ, ಮುಂದಿನ ವಾರ ನಿಮ್ಮ ಜಾಗವು ಖಾಲಿ ಇರುತ್ತದೆಂದು ಹೇಳಿ ಬನ್ನಿರಿ.

೫. ಎಚ್ಚರಿಕೆಗಳು

ಸಕ್ಕರೆ ಕಾಯಿಲೆಗೆ ಮಾತ್ರೆಯನ್ನಾಗಲಿ ಇನ್ಸುಲಿನನ್ನಾಗಲಿ ತಕ್ಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ತಗ್ಗಿಸಬಾರದು, ಯಾಕಂದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಪ್ರಾಣಾಪಾಯವಾಗಬಹುದು. ಬಸುರಿಯರೂ ಮೊಲೆಯುಣಿಸುವ ತಾಯಂದಿರೂ ತೂಕ ಇಳಿಸುವ ಪ್ರಯತ್ನಕ್ಕೆ ಕೈಹಾಕಬಾರದು. ತಾಯಿಯ ಪುಷ್ಟಿಯೇ ಕೂಸಿನ ಮುಂದಿನ ಆರೋಗ್ಯವೆಂಬದಕ್ಕೆ ಮೈಸೂರಿನ ದಫ್ತರವೇ ಸಾಕ್ಷಿ. ಹತ್ತು ದಿನದಲ್ಲಿ ಹತ್ತು ಕಿಲೋ ಎಂದು ಪುಡಿಗಳನ್ನು ಮಾರುವವರಿಗೆ ಕಾಸು ಕೊಡಬೇಡಿರಿ. ಯತ್ನವಿಲ್ಲದೆ ತೂಕವು ತಾನಾಗಿ ಇಳಿಯುತ್ತಾ ಬಂದರೆ ಸಂತೋಷಪಡದೆ ಆಸ್ಪತ್ರೆಗೆ ಹೋಗಿರಿ.

ವಿಚಾರಿಸತಕ್ಕ ಪ್ರಶ್ನೆಗಳು

(೧) ನಮ್ಮ ಊರಲ್ಲಿ ಒತ್ತಾಯಪಡಿಸಿ ಬಡಿಸುವ ವಾಡಿಕೆಯಿಂದ ಯಾರಿಗೆ ತೊಂದರೆಯಾಗಿದೆ?
(೨) ನಾವು ಹಾಸ್ಯವೆಂದು ಆಡಿದ ಯಾವ ಮಾತು ಇನ್ನೊಬ್ಬರನ್ನು ನೋಯಿಸಿರಬಹುದು?
(೩) ಈ ವಾರ ನಾವೆಲ್ಲರೂ ಕೂಡಿ ಹಿಡಿಯತಕ್ಕ ಒಂದು ಅಭ್ಯಾಸ ಯಾವದು?

ಕಡೆಗೆ ಶೆಟ್ಟಿಹಳ್ಳಿಯ ಆ ತಾಯಿಯನ್ನು ಮತ್ತೊಮ್ಮೆ ನೆನಸೋಣ. ಇನ್ನೊಂದು ಮನೆಯ ಊಟದಲ್ಲಿ ಆಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಳು. ಆಗ ಪಕ್ಕದಲ್ಲಿ ಕೂತವಳು ನಗದೆ, ತಾನೂ ತನ್ನ ಎಲೆಯ ಮೇಲೆ ಕೈಯಿಟ್ಟು "ನನಗೂ ಸಾಕಮ್ಮಾ" ಎಂದರೆ, ಆ ರಾತ್ರಿ ಡಬ್ಬಿಯು ಮುಚ್ಚಿದ ಹಾಗೆಯೇ ಇದ್ದೀತು. ಪಕ್ಕದಲ್ಲಿ ಕೂರುವವರು ನಾವೇ ಅಲ್ಲವೇ?